ಪವರ್ ಸಪ್ಲೈಯೂ ವೇಗದ ಬೆಲೆಯೂ

ಆಟಕ್ಕಾಗಿ ಗಣಕಯಂತ್ರವನ್ನು ತಾವೇ ಜೋಡಿಸಿಕೊಳ್ಳುವ ತರುಣರಲ್ಲಿ ಹಲವರು ಪ್ರೊಸೆಸರು, ಗ್ರಾಫಿಕ್ಸ್ ಕಾರ್ಡುಗಳ ಗುಣಗಳನ್ನು ಬಾಯಿಪಾಠವಾಗಿ ಹೇಳಬಲ್ಲರು. ಪವರ್ ಸಪ್ಲೈಯನ್ನು ಮಾತ್ರ ಕೊನೆಗೆ ಉಳಿದ ಹಣದಲ್ಲಿ ಕೊಳ್ಳುವರು. ಈ ಕ್ರಮ ತಲೆಕೆಳಗಾದುದೆಂದು ನಮ್ಮ ಅಭಿಪ್ರಾಯ. ತಯಾರಕರು ಗೊತ್ತುಮಾಡಿದ ವೇಗವನ್ನು ಮೀರಿ ಯಂತ್ರವನ್ನು ಓಡಿಸುವವರಿಗಂತೂ, ಅಂದರೆ ಓವರ್‌ಕ್ಲಾಕಿಂಗ್ ಮಾಡುವವರಿಗಂತೂ, ಇದು ಅಪಾಯದ ಉಳಿತಾಯ.

ಕಾರಣವನ್ನು ನೋಡೋಣ. ಪ್ರೊಸೆಸರಿನೊಳಗಿನ ಕೋಟ್ಯಂತರ ಟ್ರಾನ್ಸಿಸ್ಟರುಗಳು ಕೆಲಸ ಮಾಡುವಾಗ ಸೂಕ್ಷ್ಮವಾದ ವಿದ್ಯುದಾವೇಶಗಳು ತುಂಬುತ್ತಲೂ ಬರಿದಾಗುತ್ತಲೂ ಇರುತ್ತವೆ. ಇದಕ್ಕೆ ತಗಲುವ ಶಕ್ತಿ ಆವರ್ತಾಂಕಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಪಾತವಾಗಿರುತ್ತದೆ. 4.0 ಗಿಗಾಹರ್ಟ್ಸ್ ವೇಗವನ್ನು 4.6ಕ್ಕೆ ಏರಿಸಿದೆವೆನ್ನಿ, ಯಂತ್ರ ತಡವರಿಸದಂತೆ ವೋಲ್ಟೇಜನ್ನೂ 1.20ರಿಂದ 1.35ಕ್ಕೆ ಏರಿಸಿದೆವೆನ್ನಿ. ವೇಗ ಹೆಚ್ಚಿದ್ದು ಶೇಕಡಾ 15. ಶಕ್ತಿಯ ವ್ಯಯ ಹೆಚ್ಚಿದ್ದು ಸುಮಾರು ಶೇಕಡಾ 45! ನೂರು ವಾಟು ಬೇಡುತ್ತಿದ್ದುದು ಈಗ ನೂರನಲವತ್ತೈದು ವಾಟು ಬೇಡುವುದು.

ಹಾಗಾದರೆ ಹೆಚ್ಚು ವಾಟಿನ ಪೆಟ್ಟಿಗೆಯೊಂದನ್ನು ತಂದರೆ ಸಾಲದೆ? ಸಾಲದು. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಮುದ್ರಿಸಿದ ಅಂಕಿ ಎಲ್ಲ ವೋಲ್ಟೇಜುಗಳ ಒಟ್ಟು ಮೊತ್ತ. ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಅವಲಂಬಿಸಿರುವುದು ಮುಖ್ಯವಾಗಿ 12 ವೋಲ್ಟಿನ ಶಾಖೆಯನ್ನು. ಆದ್ದರಿಂದ ಪಕ್ಕದ ಪಟ್ಟಿಯಲ್ಲಿ ಆ ಶಾಖೆಯ ಆಂಪಿಯರುಗಳನ್ನು ಓದಿ ಹನ್ನೆರಡರಿಂದ ಗುಣಿಸಬೇಕು. 62 ಆಂಪಿಯರ್ ಇದ್ದರೆ 744 ವಾಟು. 750 ವಾಟಿನ ಪೆಟ್ಟಿಗೆಗೆ ಅದು ಸರಿಯಾದ ಲೆಕ್ಕ. ‘500 ವಾಟು’ ಎಂದು ಸಾರುವ ಪೆಟ್ಟಿಗೆಯಲ್ಲಿ 25 ಆಂಪಿಯರ್ ಮಾತ್ರ ಕಂಡರೆ, ಕೈಗೆ ದೊರೆಯುವುದು 300 ವಾಟಷ್ಟೆ.

ಇನ್ನೊಂದು ಸೂಕ್ಷ್ಮವುಂಟು. ಗ್ರಾಫಿಕ್ಸ್ ಕಾರ್ಡು ಒಂದೇ ಸಮನಾಗಿ ವಿದ್ಯುತ್ತನ್ನು ಸೆಳೆಯುವುದಿಲ್ಲ. ಕಣ್ಣೆವೆ ಇಕ್ಕುವುದಕ್ಕೂ ಮುನ್ನ ತನ್ನ ಸರಾಸರಿಯನ್ನು ಬಹಳ ಮೀರಿ ಸೆಳೆದು ಮತ್ತೆ ಇಳಿಯುತ್ತದೆ. ಆ ಸೆಳೆತವನ್ನು ತಾಳದ ಸಪ್ಲೈ ತನ್ನ ರಕ್ಷಣಾ ಏರ್ಪಾಟಿನಂತೆ ಥಟ್ಟನೆ ನಿಂತುಹೋಗುವುದು. ಆಟಗಾರನು ಪ್ರೊಸೆಸರನ್ನು ಶಪಿಸುವನು. 2022ರಲ್ಲಿ ಬಂದ ಎಟಿಎಕ್ಸ್ 3.0 ನಿಯಮಾವಳಿಯು ದೊಡ್ಡ ಸಪ್ಲೈಗಳು 100 ಮೈಕ್ರೋಸೆಕೆಂಡು ಕಾಲ ತಮ್ಮ ಶಕ್ತಿಯ ಇಮ್ಮಡಿಯನ್ನು ತಾಳಬೇಕೆಂದು ವಿಧಿಸಿದ್ದು ಇದಕ್ಕಾಗಿಯೇ. ಅದೇ ವರ್ಷದ ಆರ್‌ಟಿಎಕ್ಸ್ 4090 ಕಾರ್ಡಿಗೆ 450 ವಾಟು ಬೇಕು. 250 ವಾಟಿನ ಪ್ರೊಸೆಸರೂ ಉಳಿದ ಭಾಗಗಳಿಗೆ 80 ವಾಟೂ ಸೇರಿದರೆ 780. ಇಂಥ ಯಂತ್ರವನ್ನು ಓವರ್‌ಕ್ಲಾಕ್ ಮಾಡುವವರಿಗೆ ನಾವು 1000 ವಾಟನ್ನೇ ಸೂಚಿಸುತ್ತೇವೆ. ಸಾಧಾರಣ ಕಾರ್ಡುಳ್ಳವರು ಇಷ್ಟು ವೆಚ್ಚ ಮಾಡುವುದು ವ್ಯರ್ಥ.

‘80 ಪ್ಲಸ್’ ಮುದ್ರೆಯ ಬಗೆಗೆ ತಪ್ಪು ತಿಳಿವಳಿಕೆ ಹರಡಿದೆ. ಅದು ದಕ್ಷತೆಯ ಗುರುತು. ಶೇಕಡಾ 90 ದಕ್ಷತೆಯ 750 ವಾಟಿನ ಸಪ್ಲೈ 675 ವಾಟನ್ನು ಕೊಡುವುದೆಂದು ಕೆಲವರ ಭಾವನೆ, ಹಾಗಲ್ಲ. ಅದು 750 ವಾಟನ್ನೇ ಕೊಡುತ್ತದೆ, ಗೋಡೆಯಿಂದ 833 ವಾಟು ಪಡೆಯುತ್ತದೆ. ಮಿಕ್ಕ 83 ವಾಟು ಶಾಖವಾಗಿ ಹೋಗುತ್ತದೆ.

ಹೊಸ ಸಪ್ಲೈ ತಂದವರು ಹಳೆಯದರ ಕೇಬಲುಗಳನ್ನು ಅದಕ್ಕೆ ಸಿಕ್ಕಿಸಬಾರದು. ಯಂತ್ರದ ಭಾಗಗಳಿಗೆ ಸೇರುವ ತುದಿಗೆ ನಿಯಮವುಂಟು, ಸಪ್ಲೈಗೆ ಸೇರುವ ತುದಿಗೆ ಇಲ್ಲ. ತುದಿ ಸಲೀಸಾಗಿ ಕೂಡಿಕೊಂಡರೂ 5 ವೋಲ್ಟು ಇರಬೇಕಾದ ತಂತಿಯಲ್ಲಿ 12 ವೋಲ್ಟು ಹರಿದು, ವರ್ಷಗಳ ಬರಹ ತುಂಬಿದ ಡಿಸ್ಕು ಒಂದು ಕ್ಷಣದಲ್ಲಿ ಸುಟ್ಟುಹೋಗಬಹುದು.