ಟ್ಯಾಂಕಿನ ನುಸಿ ಬದಲಾಗ್ತಾ ಉಂಟು: ಪಣಂಬೂರಿನಲ್ಲಿ ನಿಂತು ಕೇಳುವ ಜೀನೋಮ್ ಕಥೆ

(ಈ ವಾರದ ಸಂಚಿಕೆಯ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತವರೂ ಇದ್ದೀರಿ, ಲೈಟ್ ಆಫ್ ಮಾಡಿ ಮಲಗಿಕೊಂಡು ಕೇಳ್ತಿರುವವರೂ ಇದ್ದೀರಿ. ಮಲಗಿರುವವರ ಕಿವಿಯ ಹತ್ತಿರ ಈಗ ಇನ್ನೊಂದು ಸದ್ದೂ ಕೇಳಿಸ್ತಿರಬಹುದು. ಇವತ್ತಿನ ವಿಷಯ ಅದೇ. ಬೆಂಗಳೂರು ಕಡೆಯವರು ಸೊಳ್ಳೆ ಅಂತಾರೆ, ನಮ್ಮ ಮಂಗಳೂರಲ್ಲಿ ನುಸಿ. ನಾನು ನುಸಿ ಅಂತಲೇ ಹೇಳ್ತೇನೆ.

ಸಂಜೆ ಪಣಂಬೂರು ಬೀಚಲ್ಲಿ ನಿಂತ್ಕೊಳ್ಳಿ. ಎದುರಿಗೆ ನವಮಂಗಳೂರು ಬಂದರಿಗೆ ಹೋಗುವ ಹಡಗುಗಳು. ತಿರುಗಿ ಊರಿನ ಕಡೆ ನೋಡಿದರೆ ಕಟ್ಟಡಗಳು, ಪ್ರತಿ ಕಟ್ಟಡದ ಮೇಲೂ ನೀರಿನ ಟ್ಯಾಂಕ್. ಈ ಕಥೆಗೆ ಎರಡೂ ಬೇಕು. ಮೊದಲು ಟ್ಯಾಂಕ್, ಆಮೇಲೆ ಹಡಗು.

ಮಲೇರಿಯಾ ಹರಡುವ ಅನಾಫಿಲಿಸ್ ನುಸಿಗಳಲ್ಲಿ ಬೇರೆ ಬೇರೆ ಜಾತಿ ಉಂಟು. ಹೆಚ್ಚಿನವು ಹಳ್ಳಿಯವು: ಗದ್ದೆ, ತೋಡು, ಮಳೆನೀರಿನ ಹೊಂಡ. ಆದರೆ ಅನಾಫಿಲಿಸ್ ಸ್ಟೀಫನ್ಸಿ ಅನ್ನೋದು ಪಕ್ಕಾ ಪೇಟೆಯ ನುಸಿ. ಓವರ್‌ಹೆಡ್ ಟ್ಯಾಂಕ್, ಸಂಪು, ಬಾವಿ, ಸ್ಲ್ಯಾಬ್ ಕ್ಯೂರಿಂಗ್‌ಗೆ ಕಟ್ಟಿ ನಿಲ್ಲಿಸಿದ ನೀರು, ಇವೇ ಅದಕ್ಕೆ ಹೆರಿಗೆ ಆಸ್ಪತ್ರೆ. (ಡೆಂಗಿ ತರುವುದು ಈಡಿಸ್, ಅದು ಬೇರೆ. ಕಾಮೆಂಟಲ್ಲಿ ಇವೆರಡನ್ನು ಕಲಸಬೇಡಿ, ಪ್ಲೀಸ್.)

1990ರ ಹೊತ್ತಿಗೆ ಮಂಗಳೂರಲ್ಲಿ ಮಲೇರಿಯಾ ಮತ್ತೆ ತಲೆಯೆತ್ತಿತು. ಕಟ್ಟಡಗಳು ಏಳ್ತಾ ಹೋದ ಹಾಗೆ ಜ್ವರವೂ ಏರಿತು. ಎಷ್ಟೋ ವರ್ಷ ಇಲ್ಲಿನ ಮನೆಗಳಲ್ಲಿ ಜ್ವರ ಅಂದ್ರೆ ಮೊದಲು ರಕ್ತಪರೀಕ್ಷೆ. 2015ರ ಅಕ್ಟೋಬರ್‌ನಿಂದ ಆರೋಗ್ಯ ಕಾರ್ಯಕರ್ತರು ಟ್ಯಾಬ್ ಹಿಡಿದು, ಪ್ರತಿ ಕೇಸನ್ನೂ ಸಾಫ್ಟ್‌ವೇರಿಗೆ ಹಾಕಿ, ಆ ಮನೆಯ ಸುತ್ತಲೇ ನುಸಿ ಹುಟ್ಟುವ ಜಾಗ ಹುಡುಕಲು ಶುರು ಮಾಡಿದ್ರು. ಮುಂದಿನ ಐದು ವರ್ಷದಲ್ಲಿ ಕೇಸುಗಳು ತುಂಬಾ ಇಳಿದವು. ಸಣ್ಣ ಸಾಧನೆಯಲ್ಲ.

ಹಾಗಾದ್ರೆ ಈಗ್ಯಾಕೆ ಈ ಮಾತು? ಇಳಿದದ್ದು ಮತ್ತೆ ಏರಿದ ಉದಾಹರಣೆ ನಮ್ಮ ದೇಶದಲ್ಲೇ ಉಂಟು, ಅದಕ್ಕೆ. ಡಿಡಿಟಿ ಸಿಂಪಡಿಸಿ 1961ರಲ್ಲಿ ಇಡೀ ಭಾರತದ ಮಲೇರಿಯಾ ಕೇಸುಗಳನ್ನು ಸುಮಾರು 50 ಸಾವಿರಕ್ಕೆ ಇಳಿಸಿದ್ದರು. 1976ರಲ್ಲಿ ಅದು 64 ಲಕ್ಷ ದಾಟಿತು. ಕಾರಣ ಹಲವು, ಉದಾಸೀನವೂ ಸೇರಿ. ಅದರಲ್ಲಿ ಒಂದು, ನುಸಿಗಳು ಡಿಡಿಟಿಗೆ ಸಾಯುವುದನ್ನು ಕಡಿಮೆ ಮಾಡಿದ್ದು.

ಈಗಿನ ಔಷಧಿಗಳಲ್ಲಿ ಮುಖ್ಯವಾದದ್ದು ಪೈರೆಥ್ರಾಯ್ಡ್ ಗುಂಪು. ಸೊಳ್ಳೆಪರದೆಗೆ ಹಚ್ಚುವುದು, ನೀವು ರಾತ್ರಿ ಪ್ಲಗ್‌ಗೆ ಸಿಕ್ಕಿಸುವ ಲಿಕ್ವಿಡ್ ಮೆಷಿನ್ನಿನ ಒಳಗಿರುವುದು, ಎರಡೂ ಈ ಗುಂಪಿನವೇ. ಮಂಗಳೂರಿನ ಸ್ಟೀಫನ್ಸಿ ನುಸಿಗಳನ್ನೇ ಹಿಡಿದು ಪರೀಕ್ಷೆ ಮಾಡಿದ ಒಂದು ಅಧ್ಯಯನ 2010ರಲ್ಲಿ 'ಮಲೇರಿಯಾ ಜರ್ನಲ್'ನಲ್ಲಿ ಬಂತು. ಪೈರೆಥ್ರಾಯ್ಡ್‌ಗಳು ಅವುಗಳ ಮೇಲೆ ಮೊದಲಿನಷ್ಟು ಕೆಲಸ ಮಾಡ್ತಿಲ್ಲ ಅಂತ ಅದರ ಫಲಿತಾಂಶ. ಗಮನಿಸಿ, ಟ್ಯಾಬ್ ಬರುವುದಕ್ಕೂ ಐದು ವರ್ಷ ಮೊದಲೇ.

ಇಲ್ಲಿ ಒಂದು ತಪ್ಪು ಕಲ್ಪನೆ ತೆಗೆದು ಹಾಕೋಣ. "ನುಸಿಗೆ ಔಷಧಿ ಅಭ್ಯಾಸ ಆಗಿದೆ" ಅಂತ ನಾವು ಹೇಳ್ತೇವಲ್ಲ, ನಮಗೆ ಖಾರ ಅಭ್ಯಾಸ ಆದ ಹಾಗೆ. ಹಾಗಲ್ಲ ಮಾರಾಯ್ರೆ. ಒಂದೇ ನುಸಿ ತನ್ನ ಬದುಕಿನಲ್ಲಿ ಕಲಿಯುವ ವಿದ್ಯೆ ಅಲ್ಲ ಇದು. ಸಾವಿರ ನುಸಿಯಲ್ಲಿ ಎರಡಕ್ಕೆ ಹುಟ್ಟಿನಿಂದಲೇ ಡಿಎನ್‌ಎಯಲ್ಲಿ ಒಂದು ಅಕ್ಷರ ಬೇರೆ ಇತ್ತು ಅಂತಿಟ್ಕೊಳ್ಳಿ. ಔಷಧಿ ಹೊಡೆದಾಗ ಉಳಿದವು ಸತ್ತವು, ಈ ಎರಡು ಬದುಕಿದವು, ಮೊಟ್ಟೆ ಇಟ್ಟವು. ನಮ್ಮ ಸೆಕೆಗೆ ಮೊಟ್ಟೆ ನುಸಿಯಾಗಲು ಹತ್ತು-ಹನ್ನೆರಡು ದಿನ ಸಾಕು. ಅಂದ್ರೆ ವರ್ಷಕ್ಕೆ ಹತ್ತಕ್ಕೂ ಹೆಚ್ಚು ತಲೆಮಾರು. ನೀವು ಪಿಯುಸಿಯಿಂದ ಡಿಗ್ರಿ ಮುಗಿಸುವಷ್ಟರಲ್ಲಿ ಆ ಎರಡರ ಮೊಮ್ಮಕ್ಕಳದ್ದೇ ಊರು.

ಬೇರೆಯಾಗುವ ಆ ಅಕ್ಷರ ಎಲ್ಲಿರ್ತದೆ? ಪೈರೆಥ್ರಾಯ್ಡ್ ಹೋಗಿ ಹಿಡಿಯುವುದು ನುಸಿಯ ನರದಲ್ಲಿರುವ ಸೋಡಿಯಂ ಬಾಗಿಲನ್ನು. ಬಾಗಿಲು ಮುಚ್ಚದ ಹಾಗೆ ತಡೆ ಹಿಡಿದು, ನರ ಬಿಡದೆ ಅದುರಿ, ನುಸಿ ಬೀಳ್ತದೆ. ಆ ಬಾಗಿಲಿನ ಪ್ರೊಟೀನಿನಲ್ಲಿ 1014ನೇ ಜಾಗದಲ್ಲಿ ಲ್ಯೂಸಿನ್ ಬದಲು ಫಿನೈಲ್‌ಅಲನಿನ್ ಬಂದ್ರೆ ಔಷಧಿಗೆ ಹಿಡಿತ ಸಿಗುವುದಿಲ್ಲ. ಇದೊಂದು ದಾರಿ. ಇನ್ನೊಂದು, ವಿಷವನ್ನು ಒಡೆದು ಹಾಕುವ ಕಿಣ್ವಗಳನ್ನು ಜಾಸ್ತಿ ತಯಾರಿಸುವುದು. ಸ್ಟೀಫನ್ಸಿಯ ಮೊದಲ ಜೀನೋಮ್, ಅಂದ್ರೆ ಅದರ ಪೂರ್ತಿ ಡಿಎನ್‌ಎ ಓದು, 2014ರಲ್ಲಿ ಪ್ರಕಟವಾಯ್ತು, ಆದ್ರೆ ಅದರಲ್ಲಿ ತುಂಬಾ ತುಂಡುಗಳು, ನಡುವೆ ಖಾಲಿ ಜಾಗ. 2021ರಲ್ಲಿ ಕ್ಯಾಲಿಫೋರ್ನಿಯಾದವರ ನೇತೃತ್ವದ ತಂಡ ಖಾಲಿ ಜಾಗ ತುಂಬಿ ಓದಿದಾಗ, ಕೀಟನಾಶಕ ತಡೆಯುವ ಜೀನ್ ಕುಟುಂಬಗಳಿಗೆ ಸೇರಿದ 29ಕ್ಕಿಂತ ಹೆಚ್ಚು ಜೀನುಗಳು ಹೊಸದಾಗಿ ಕಂಡವು. ಅಲ್ಲೇ ಇದ್ದವು, ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ.

ಈಗ ನನಗೆ ಅತಿ ಇಷ್ಟವಾದ ಭಾಗ. ನಿಮ್ಮ ಫೋನಲ್ಲಿ ನೂರು ಹಾಡಿನ ಪ್ಲೇಲಿಸ್ಟ್ ಉಂಟು. ಯಾರೋ 20ರಿಂದ 40ರವರೆಗಿನ ಹಾಡುಗಳನ್ನು ಹಿಂದುಮುಂದು ಮಾಡಿದ್ರು. ಹಾಡು ಒಂದೂ ಕಳೆದಿಲ್ಲ, ಕ್ರಮ ಮಾತ್ರ ಉಲ್ಟಾ. ಸ್ಟೀಫನ್ಸಿಯ ಎರಡನೇ ಕ್ರೋಮೋಸೋಮಿನಲ್ಲಿ ಸುಮಾರು 1 ಕೋಟಿ 65 ಲಕ್ಷ ಅಕ್ಷರಗಳ ತುಂಡೊಂದು ಕೆಲವು ನುಸಿಗಳಲ್ಲಿ ಹೀಗೆ ಉಲ್ಟಾ ಕೂತಿದೆ. ಇದರ ಹೆಸರು 2ಆರ್‌ಬಿ. ಸಾಮಾನ್ಯವಾಗಿ ತಂದೆಯ, ತಾಯಿಯ ಡಿಎನ್‌ಎ ಪ್ರತಿ ತಲೆಮಾರಿನಲ್ಲೂ ಕಲಸಿಕೊಳ್ತವೆ. ಒಂದು ನೇರ, ಒಂದು ಉಲ್ಟಾ ಇದ್ದಲ್ಲಿ ಆ ತುಂಡು ಕಲಸುವುದಿಲ್ಲ. ಒಟ್ಟಿಗೆ ಕೆಲಸಕ್ಕೆ ಬರುವ ಜೀನುಗಳು ಅಲ್ಲಿದ್ದರೆ ಕಟ್ಟು ಬಿಚ್ಚದೆ ಮಕ್ಕಳಿಗೆ ಹೋಗ್ತವೆ. ಬೇರೆ ಬೇರೆ ಪರಿಸರಕ್ಕೆ ಹೊಂದಿಕೊಳ್ಳುವುದಕ್ಕೂ ಈ ತುಂಡಿಗೂ ನಂಟಿದೆ ಅಂತ ವಿಜ್ಞಾನಿಗಳು ಹೇಳ್ತಾರೆ. ಒಂದು ದಿನ ಶುದ್ಧ ನೀರಿನ ಟ್ಯಾಂಕ್, ಇನ್ನೊಂದು ದಿನ ಎಣ್ಣೆ-ಕೊಳಚೆ ಸೇರಿದ ರಸ್ತೆಬದಿಯ ನೀರು, ಪೇಟೆ ನುಸಿಯ ಬದುಕೇ ಹಾಗಲ್ವಾ?

ಈ ಕೆಲಸ ಆದದ್ದು ನಮ್ಮ ಬೆಂಗಳೂರಲ್ಲೇ, ಐಬಿಎಬಿ ಮತ್ತು ಟಾಟಾ ಇನ್‌ಸ್ಟಿಟ್ಯೂಟ್ ಫಾರ್ ಜೆನೆಟಿಕ್ಸ್ ಆ್ಯಂಡ್ ಸೊಸೈಟಿ ಸೇರಿ. 2016ರಲ್ಲಿ ಚೆನ್ನೈನ ಒಂದು ಕನ್‌ಸ್ಟ್ರಕ್ಷನ್ ಸೈಟಲ್ಲಿ ಸಿಕ್ಕ ತಳಿಯ ಜೀನೋಮ್ ಓದಿ 2022ರಲ್ಲಿ ಪ್ರಕಟಿಸಿದ್ರು. ಅದು ನೇರ ಕ್ರಮದ್ದು. ಮಿಶ್ರ ಮತ್ತು ಉಲ್ಟಾ ತಳಿಗಳ ಓದು ಮೊದಲೇ ಇತ್ತು, ಮೂರನ್ನೂ ಪಕ್ಕಪಕ್ಕ ಇಟ್ಟು ತುಂಡು ಎಲ್ಲಿ ಕತ್ತರಿಸಿದೆ ಅಂತ ಅಕ್ಷರದ ಮಟ್ಟದಲ್ಲಿ ತೋರಿಸಿದ್ರು. ಬೇರೆ ಬೇರೆ ಊರುಗಳ 82 ನುಸಿಗಳನ್ನು ನೋಡಿದರೆ ಮೂರರಲ್ಲೊಂದು ಪಾಲು ಎರಡೂ ಕ್ರಮ ಇಟ್ಟುಕೊಂಡಿತ್ತು. ಜೊತೆಗೆ, ದೂರದೂರದ ನುಸಿಗಳೂ ಚೆನ್ನೈ ತಳಿಗೇ ಹತ್ತಿರ. ಊರೂರಿನ ನಡುವೆ ಜನ, ಸರಕು ಓಡಾಡುವಾಗ ನುಸಿಯೂ ಓಡಾಡ್ತಿರಬಹುದು ಅನ್ನೋದು ಅವರ ಅಭಿಪ್ರಾಯ.

ನುಸಿಯ ಒಳಗೊಳಗೇ ಭೇದ ಉಂಟು ಅಂತ ಕರ್ನಾಟಕಕ್ಕೆ ಹಿಂದೆಯೇ ಗೊತ್ತಿತ್ತು. 1937ರಲ್ಲಿ ಸ್ವೀಟ್ ಮತ್ತು ರಾವ್ ಅನ್ನುವ ಇಬ್ಬರು, ದೋಣಿಯಂಥ ಮೊಟ್ಟೆಯ ಬದಿಯ ಗೆರೆಗಳನ್ನು ಎಣಿಸಿ, ಕಡಿಮೆ ಗೆರೆಯ ಬಗೆಗೆ 'ಮೈಸೂರೆನ್ಸಿಸ್' ಅಂತ ಹೆಸರಿಟ್ಟರು. ಹೌದು, ನಮ್ಮ ಮೈಸೂರಿನದ್ದೇ ಹೆಸರು. ಹೆಚ್ಚು ಗೆರೆಯದ್ದು ಪೇಟೆಯ ಅಪಾಯಕಾರಿ ಬಗೆ.

ಈಗ ಹಡಗು. 2012ರಲ್ಲಿ ಆಫ್ರಿಕಾದ ಬಂದರು ದೇಶ ಜಿಬೂಟಿಯಲ್ಲಿ ಸ್ಟೀಫನ್ಸಿ ಮೊದಲ ಸಲ ಕಂಡಿತು. ಆ ವರ್ಷ ಅಲ್ಲಿ ವರದಿಯಾದ ಮಲೇರಿಯಾ ಕೇಸು 27. 2020ರಲ್ಲಿ 73 ಸಾವಿರಕ್ಕೂ ಹೆಚ್ಚು. ಆಮೇಲೆ ಇಥಿಯೋಪಿಯಾ, ಸುಡಾನ್, ಸೊಮಾಲಿಯಾ, ನೈಜೀರಿಯಾ. ಈ ಕಡೆ ಶ್ರೀಲಂಕಾ. ಆಫ್ರಿಕಾದ ಸ್ಥಳೀಯ ಮಲೇರಿಯಾ ನುಸಿಗಳಿಗೆ ಪೇಟೆ ಅಷ್ಟು ಹಿಡಿಸದು, ಇದಕ್ಕೆ ಪೇಟೆಯೇ ಬೇಕು. ಏಷ್ಯಾ ಕಡೆಯಿಂದ ಹಡಗಿನಲ್ಲಿ ಹೋಗಿರಬೇಕು ಅನ್ನೋದು ಪ್ರಬಲ ಊಹೆ. ಪಣಂಬೂರಿನಿಂದ ಹೋಯ್ತು ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಅಷ್ಟೇ ಕ್ಲಿಪ್ ಮಾಡಿ ವಾಟ್ಸ್ಆ್ಯಪ್‌ಗೆ ಹಾಕಬೇಡಿ. ಆದ್ರೆ ಬಂದರಿನ ಸುತ್ತ ಕನಿಷ್ಠ 400 ಮೀಟರ್ ನುಸಿ ಹುಟ್ಟದ ಹಾಗೆ ನೋಡ್ಕೋಬೇಕು ಅಂತ ಅಂತಾರಾಷ್ಟ್ರೀಯ ಆರೋಗ್ಯ ನಿಯಮ ಹೇಳುವುದು ಸುಮ್ಮನೆ ಅಲ್ಲ.

"ಹಾಗಾದ್ರೆ ಜೀನನ್ನೇ ತಿದ್ದಬಹುದಲ್ಲ?" ಅಂತ ನೀವು ಕೇಳ್ತೀರಿ. 2015ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಇದೇ ಸ್ಟೀಫನ್ಸಿಯಲ್ಲಿ ಮಲೇರಿಯಾ ತಡೆಯುವ ಜೀನನ್ನು ಹೆಚ್ಚುಕಡಿಮೆ ಎಲ್ಲ ಮರಿಗಳಿಗೂ ದಾಟಿಸಿ ತೋರಿಸಿದ್ದಾರೆ. ಆದ್ರೆ ಆ ಡಿಎನ್‌ಎ ಕತ್ತರಿ ಹುಡುಕುವ ಜಾಗದಲ್ಲೇ ಕಾಡುತಳಿಯ ನುಸಿಗೆ ಅಕ್ಷರ ಬೇರೆ ಇದ್ರೆ ಕತ್ತರಿ ಸೋಲ್ತದೆ. ಹಾಗಾಗಿ ಲ್ಯಾಬಿನಲ್ಲಿ ಸಾಕಿದ ನುಸಿಯ ಜೀನೋಮ್ ಸಾಲದು, ನಮ್ಮ ಟೆರೇಸಿನ ನುಸಿಯದ್ದೂ ಬೇಕು.

ಅಲ್ಲಿಯವರೆಗೆ? ವಾರಕ್ಕೊಮ್ಮೆ ನೀರು ಖಾಲಿ ಮಾಡಿ ಅಂತ ಹೇಳುವ ಲೆಕ್ಕ ಈಗ ನಿಮಗೆ ಹೊಳೆದಿರಬಹುದು: ಹತ್ತು ದಿನದ ಕೆಲಸವನ್ನು ಏಳನೇ ದಿನಕ್ಕೆ ಚೆಲ್ಲುವುದು. ಇನ್ನು ಟ್ಯಾಂಕಿನ ಮುಚ್ಚಳ. ಔಷಧಿ ತಪ್ಪಿಸಲು ನುಸಿಗೆ ಒಂದು ಅಕ್ಷರ ಬದಲಾದರೆ ಸಾಕಾಗಬಹುದು, ಸಂದಿಲ್ಲದ ಮುಚ್ಚಳ ದಾಟಲು ಅಂಥ ಅಕ್ಷರ ಯಾವುದೂ ಇಲ್ಲ. ಈ ಭಾನುವಾರ ಟೆರೇಸಿಗೆ ಹತ್ತಿ ಒಮ್ಮೆ ನೋಡಿ, ಟಾರ್ಚ್ ಹಾಕಿ. ನೀರಿನ ಮೇಲ್ಮೈಗೆ ಸಮವಾಗಿ ಅಡ್ಡ ಮಲಗಿರುವ ಮರಿ ಕಂಡ್ರೆ ಅದು ಅನಾಫಿಲಿಸ್, ತಲೆಕೆಳಗಾಗಿ ನೇತಾಡ್ತಿದ್ರೆ ಬೇರೆ ಜಾತಿ. ಫೋಟೋ ತೆಗೆದು ಕಳಿಸಿ, ಮುಂದಿನ ವಾರ ಮಾತಾಡುವ.