ಹಾಯಿ ಹಡಗಿನ ವಿಹಾರ: ಮುಂಗಡ ಪಾವತಿಸುವ ಮುನ್ನ

ವಿದೇಶ ಪ್ರವಾಸವೆಂದರೆ ವಿಮಾನ, ಹೋಟೆಲು ಮತ್ತು ನಗರ ವೀಕ್ಷಣೆ ಎಂಬ ಕಲ್ಪನೆ ಈಗ ಬದಲಾಗಿದೆ. ಉಷ್ಣವಲಯದ ಸಮುದ್ರದಲ್ಲಿ ಹಾಯಿ ಹಡಗನ್ನೇರಿ, ಒಂದು ವಾರ ದ್ವೀಪದಿಂದ ದ್ವೀಪಕ್ಕೆ ಸಾಗುವ ವಿಹಾರ ಅಂಥ ಹೊಸ ಆಯ್ಕೆಗಳಲ್ಲಿ ಒಂದು. ಇದರ ಮುಖ್ಯ ಆಕರ್ಷಣೆ ಸರಳತೆ. ಸಾವಿರಾರು ಪ್ರಯಾಣಿಕರನ್ನು ತುಂಬಿಕೊಂಡ ಬೃಹತ್ ಹಡಗಿನ ಗದ್ದಲ ಇಲ್ಲಿಲ್ಲ. ಕೋಟು, ಟೈ ಬೇಕಿಲ್ಲ. ಅನೇಕ ಹಡಗುಗಳಲ್ಲಿ ಪಾದರಕ್ಷೆಯೂ ಬೇಕಿಲ್ಲ. ಆದರೆ ಉಡುಪಿನಲ್ಲಿ ಸಲ್ಲುವ ಈ ಸಡಿಲಿಕೆ ಕಾಲದ ಆಯ್ಕೆಯಲ್ಲಿ, ಹಡಗಿನ ಆಯ್ಕೆಯಲ್ಲಿ ಮತ್ತು ಮುಂಗಡ ಹಣದ ವಿಷಯದಲ್ಲಿ ಸಲ್ಲದು. ಈ ವಿಹಾರದ ತವರಾದ ಕೆರಿಬಿಯನ್ ಸಮುದ್ರದ ಇತಿಹಾಸವೇ ಇದಕ್ಕೆ ಸಾಕ್ಷಿ.

ವಿಹಾರದ ಸ್ವರೂಪ

ಕ್ರಿಕೆಟ್ ಆಸಕ್ತರಿಗೆ ಬಾರ್ಬಡೋಸ್, ಆಂಟಿಗುವಾ, ಗ್ರೆನಡಾ, ಸೇಂಟ್ ಲೂಸಿಯಾ ಎಂಬ ಹೆಸರುಗಳು ಚಿರಪರಿಚಿತ. ಒಂದಕ್ಕೊಂದು ಸಮೀಪದಲ್ಲಿರುವ ಈ ಪೂರ್ವ ಕೆರಿಬಿಯನ್ ದ್ವೀಪಗಳು ಹಾಯಿ ಹಡಗಿಗೆ ಹೇಳಿ ಮಾಡಿಸಿದಂತಿವೆ. ಹಡಗು ಸಾಮಾನ್ಯವಾಗಿ ರಾತ್ರಿ ಸಾಗಿ, ಬೆಳಿಗ್ಗೆ ಯಾವುದಾದರೊಂದು ಕೊಲ್ಲಿಯಲ್ಲಿ ಲಂಗರು ಹಾಕುತ್ತದೆ. ಪ್ರಯಾಣಿಕರು ಸಣ್ಣ ದೋಣಿಗಳಲ್ಲಿ ದಡಕ್ಕೆ ಹೋಗಿ, ಸಂಜೆ ಮರಳುತ್ತಾರೆ. ಆಸಕ್ತಿಯುಳ್ಳವರು ಹಗ್ಗ ಎಳೆದು ಹಾಯಿ ಏರಿಸಲು ಕೈಜೋಡಿಸಬಹುದು, ಕಡ್ಡಾಯವೇನಿಲ್ಲ.

ಈ ಬಗೆಯ ವಿಹಾರವನ್ನು ಜನಪ್ರಿಯಗೊಳಿಸಿದವರಲ್ಲಿ ಅಮೆರಿಕದ ಮೈಕ್ ಬರ್ಕ್ ಪ್ರಮುಖರು. 1947ರಲ್ಲಿ ಅವರು ಆರಂಭಿಸಿದ ವಿಂಡ್‌ಜಾಮರ್ ಬೇರ್‌ಫುಟ್ ಕ್ರೂಸಸ್ ಸಂಸ್ಥೆಯ ಹೆಸರಿನಲ್ಲಿಯೇ 'ಬರಿಗಾಲು' ಎಂಬ ಮಾತಿದೆ. ಹಳೆಯ ಹಾಯಿ ಹಡಗುಗಳನ್ನು ಕೊಂಡು, ದುರಸ್ತಿಗೊಳಿಸಿ, ಸಾಮಾನ್ಯ ಜನರಿಗೆ ಎಟಕುವ ದರದಲ್ಲಿ ಸಾಗರಯಾನ ಒದಗಿಸುವುದು ಅವರ ವ್ಯಾಪಾರದ ಸೂತ್ರವಾಗಿತ್ತು. ಇದಕ್ಕಿಂತ ಭಿನ್ನವಾದ ಮಾರ್ಗ ಹಿಡಿದದ್ದು ಸ್ವೀಡನ್ನಿನ ಮಿಕಾಯೆಲ್ ಕ್ರಾಫ್ಟ್ ಅವರ ಸ್ಟಾರ್ ಕ್ಲಿಪ್ಪರ್ಸ್. ಈ ಸಂಸ್ಥೆ ಹಳೆಯ ವಿನ್ಯಾಸದಲ್ಲಿ ಹೊಸ ಹಡಗುಗಳನ್ನೇ ಕಟ್ಟಿಸಿತು. 2000ದಲ್ಲಿ ಸೇವೆಗೆ ಬಂದ ಅದರ ರಾಯಲ್ ಕ್ಲಿಪ್ಪರ್ ಹಡಗಿಗೆ 5 ಹಾಯಿಕಂಬಗಳು, 42 ಹಾಯಿಗಳು. ಪ್ರಯಾಣಿಕರ ಸಂಖ್ಯೆ ಮಾತ್ರ 227. ಗಾಳಿ ಬಿದ್ದಾಗ ಮತ್ತು ಬಂದರು ಪ್ರವೇಶಿಸುವಾಗ ಉಪಯೋಗಿಸಲು ಇಂಥ ಹಡಗುಗಳಲ್ಲಿ ಎಂಜಿನ್ ಇದ್ದೇ ಇರುತ್ತದೆ.

ವಾಣಿಜ್ಯ ಮಾರುತ ಮತ್ತು ಋತು

ಕೆರಿಬಿಯನ್ ಸಮುದ್ರದ ಮೇಲೆ ವರ್ಷದ ಬಹುಭಾಗ ಈಶಾನ್ಯ ಮತ್ತು ಪೂರ್ವ ದಿಕ್ಕಿನಿಂದ ಬೀಸುವ ಗಾಳಿಯನ್ನು ಕನ್ನಡದಲ್ಲಿ ವಾಣಿಜ್ಯ ಮಾರುತ ಎನ್ನುತ್ತೇವೆ. ಇದರ ಮೂಲವಾದ ಇಂಗ್ಲಿಷ್ ಪದಕ್ಕೆ ಹಿಂದೆ 'ನಿಶ್ಚಿತ ಜಾಡು' ಎಂಬ ಅರ್ಥವಿತ್ತು. ವ್ಯಾಪಾರದ ಅರ್ಥ ಅದಕ್ಕೆ ನಂತರ ಸೇರಿತು. ದಿಕ್ಕು ತಪ್ಪದೆ ಬೀಸುವ ಈ ಗಾಳಿಯೇ ಹಾಯಿ ಹಡಗಿನ ಬಂಡವಾಳ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಮಳೆ ಕಡಿಮೆ, ಗಾಳಿ ಸ್ಥಿರ. ಆದುದರಿಂದ ದರವೂ ಹೆಚ್ಚು.

ಜೂನ್ 1ರಿಂದ ನವೆಂಬರ್ 30ರವರೆಗಿನ ಅವಧಿ ಅಟ್ಲಾಂಟಿಕ್ ಚಂಡಮಾರುತಗಳ ಕಾಲ. ಆಗಸ್ಟ್ ಮಧ್ಯದಿಂದ ಅಕ್ಟೋಬರ್‌ವರೆಗೆ ಅವುಗಳ ಹಾವಳಿ ಹೆಚ್ಚಾದರೂ ಮೊದಲ ತಿಂಗಳುಗಳು ಸುರಕ್ಷಿತವೆಂದು ಭಾವಿಸಲಾಗದು. 2024ರ ಜುಲೈ 1ರಂದು ಬೆರಿಲ್ ಚಂಡಮಾರುತ ಗ್ರೆನಡಾ ದೇಶದ ಕ್ಯಾರಿಯಾಕೂ ದ್ವೀಪವನ್ನು ಅಪ್ಪಳಿಸಿತು. ಈ ತಿಂಗಳುಗಳಲ್ಲಿ ರಿಯಾಯಿತಿ ದರ ಪ್ರಕಟವಾದರೆ ಅದನ್ನು ಲಾಭವೆಂದು ಮಾತ್ರ ಎಣಿಸದೆ, ಅದರೊಡನೆ ಬರುವ ಅಪಾಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳು ಮಳೆಗಾಲದಲ್ಲಿ ಹೊರಡುವುದಿಲ್ಲ ಎಂಬುದನ್ನು ಕರಾವಳಿಯ ವರ್ತಕರು ಬಲ್ಲರು. ಸಮುದ್ರ ಬೇರೆಯಾದರೂ ನಿಯಮ ಒಂದೇ.

ಫ್ಯಾಂಟಮ್ ಹಡಗಿನ ಪಾಠ

ವಿಂಡ್‌ಜಾಮರ್ ಸಂಸ್ಥೆಯ ಹಡಗುಗಳಲ್ಲಿ ಹೆಸರಾದುದು ಫ್ಯಾಂಟಮ್. 1927ರಲ್ಲಿ ಇಟಲಿಯಲ್ಲಿ ನಿರ್ಮಾಣಗೊಂಡ, 4 ಹಾಯಿಕಂಬಗಳ ಹಡಗು ಅದು. 1998ರ ಅಕ್ಟೋಬರ್ ಕೊನೆಯಲ್ಲಿ ಅದು ಪ್ರಯಾಣಿಕರೊಡನೆ ಹೊಂಡುರಾಸ್ ಸಮೀಪದಲ್ಲಿದ್ದಾಗ ಮಿಚ್ ಚಂಡಮಾರುತ ಎದುರಾಯಿತು. ಹಡಗು ಬೆಲೀಜ್ ನಗರಕ್ಕೆ ಧಾವಿಸಿ, ಎಲ್ಲ ಪ್ರಯಾಣಿಕರನ್ನೂ ಸಿಬ್ಬಂದಿಯ ಕೆಲವರನ್ನೂ ಇಳಿಸಿತು. ಬಳಿಕ ಹಡಗನ್ನು ಉಳಿಸಿಕೊಳ್ಳಲು ಕಪ್ತಾನ ಮತ್ತು ಉಳಿದ ನಾವಿಕರು ಮತ್ತೆ ಸಮುದ್ರಕ್ಕೆ ಹೊರಟರು. ಹೊಂಡುರಾಸಿನ ರೋಆಟಾನ್ ದ್ವೀಪದ ಮರೆಯಲ್ಲಿ ಆಶ್ರಯ ಪಡೆಯುವ ಪ್ರಯತ್ನದಲ್ಲಿರುವಾಗ ಚಂಡಮಾರುತವೂ ದಕ್ಷಿಣಕ್ಕೆ ತಿರುಗಿತು. ಅಕ್ಟೋಬರ್ 27ರ ನಂತರ ಹಡಗಿನ ದನಿ ಕೇಳಿಸಲಿಲ್ಲ. ಹಡಗಿನಲ್ಲಿದ್ದ 31 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಈ ಹಡಗು ನೋಂದಣಿಯಾಗಿದ್ದುದು ಆಫ್ರಿಕಾದ ಈಕ್ವಟೋರಿಯಲ್ ಗಿನಿ ದೇಶದಲ್ಲಿ. ಹಡಗು ಯಾವ ದೇಶದ ಧ್ವಜ ಹಾರಿಸುತ್ತದೆಯೋ ಆ ದೇಶದ ಕಾನೂನೇ ಅದಕ್ಕೆ ಮೂಲತಃ ಅನ್ವಯಿಸುತ್ತದೆ. ಮಾರಾಟ ಕಚೇರಿ ಒಂದು ದೇಶದಲ್ಲಿ, ಯಾನ ಇನ್ನೊಂದರಲ್ಲಿ, ನೋಂದಣಿ ಮತ್ತೊಂದರಲ್ಲಿ ಇರುವುದು ಈ ಉದ್ಯಮದಲ್ಲಿ ಸಾಮಾನ್ಯ. ಆದುದರಿಂದ ಹಡಗು ಎಲ್ಲಿ ನೋಂದಾಯಿತವಾಗಿದೆ, ಯಾವ ಮಾನ್ಯ ವರ್ಗೀಕರಣ ಸಂಸ್ಥೆ ಅದನ್ನು ತಪಾಸಣೆ ಮಾಡುತ್ತದೆ, ಚಂಡಮಾರುತದ ಕಾಲದಲ್ಲಿ ಹಡಗು ಎಲ್ಲಿರುತ್ತದೆ ಎಂಬ ಪ್ರಶ್ನೆಗಳನ್ನು ಲಿಖಿತವಾಗಿ ಕೇಳುವುದು ಉಚಿತ. ಸಮರ್ಪಕ ಉತ್ತರ ಬಾರದಿದ್ದರೆ ಆ ಹಡಗನ್ನು ಕೈಬಿಡುವುದೇ ಲೇಸು.

ಮುಂಗಡ ಹಣ ಎಂಬ ಸಾಲ

ಫ್ಯಾಂಟಮ್ ದುರಂತದ ನಂತರವೂ ಸಂಸ್ಥೆ ಕೆಲವು ವರ್ಷ ನಡೆಯಿತು. 2007ರಲ್ಲಿ ಹಣದ ಮುಗ್ಗಟ್ಟಿನಿಂದ ಯಾನಗಳು ನಿಲ್ಲುತ್ತ ಬಂದು, ಕೊನೆಗೆ ವ್ಯವಹಾರವೇ ಸ್ಥಗಿತಗೊಂಡಿತು. ಮುಂಗಡ ತೆತ್ತಿದ್ದ ಅನೇಕರಿಗೆ ಯಾನವೂ ದೊರೆಯಲಿಲ್ಲ, ಹಣವೂ ಮರಳಲಿಲ್ಲ.

ವರ್ತಕರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಪ್ರಯಾಣಿಕನು ಹಲವು ತಿಂಗಳು ಮೊದಲೇ ಪೂರ್ಣ ಹಣ ಪಾವತಿಸಿದಾಗ ಅವನು ಹಡಗಿನ ಮಾಲೀಕರಿಗೆ ಬಡ್ಡಿಯಿಲ್ಲದ, ಭದ್ರತೆಯಿಲ್ಲದ ಸಾಲ ಕೊಟ್ಟಂತೆಯೇ ಸರಿ. ಸಂಸ್ಥೆ ಮುಳುಗಿದರೆ ಅವನು ನಿಲ್ಲುವುದು ಸಾಲಗಾರರ ಸರದಿಯ ಕೊನೆಯಲ್ಲಿ. ಹೊಸ ಗಿರಾಕಿಗೆ ಸರಕು ಉದ್ದರಿ ಕೊಡುವ ಮುನ್ನ ವಿಚಾರಿಸುವಷ್ಟೇ ಎಚ್ಚರಿಕೆ ಇಲ್ಲಿಯೂ ಬೇಕು. ಅಮೆರಿಕದ ಬಂದರುಗಳಿಂದ ಪ್ರಯಾಣಿಕರನ್ನು ಹತ್ತಿಸಿಕೊಳ್ಳುವ, 50 ಅಥವಾ ಹೆಚ್ಚು ಮಂದಿಯ ಸೌಲಭ್ಯವುಳ್ಳ ಹಡಗುಗಳು ಆರ್ಥಿಕ ಭದ್ರತೆಯ ಪುರಾವೆ ಒದಗಿಸಬೇಕೆಂಬ ಕಾನೂನು ಆ ದೇಶದಲ್ಲಿದೆ. ದ್ವೀಪ ರಾಷ್ಟ್ರದ ಬಂದರಿನಿಂದಲೇ ಯಾನ ಆರಂಭಿಸುವ ಹಡಗಿಗೆ ಆ ರಕ್ಷಣೆ ಅನ್ವಯಿಸುವುದಿಲ್ಲ.

ಮುಂಗಡ ಪಾವತಿಸುವ ಮುನ್ನ ಗಮನಿಸಬೇಕಾದ ಅಂಶಗಳು ಇಂತಿವೆ:

1. ಪ್ರಕಟಿತ ದರ ಸಾಮಾನ್ಯವಾಗಿ ಇಬ್ಬರು ಒಂದು ಕೋಣೆ ಹಂಚಿಕೊಂಡಾಗ ತಲಾ ಒಬ್ಬರಿಗೆ ತಗಲುವುದು. ಒಬ್ಬರೇ ತಂಗಿದರೆ ದರ ಹೆಚ್ಚು. ಬಂದರು ಶುಲ್ಕ, ಪಾನೀಯ, ಸಿಬ್ಬಂದಿಯ ಭಕ್ಷೀಸು, ದಡದ ಪ್ರವಾಸಗಳು ಮತ್ತು ವಿಮಾನ ದರ ಅದರಲ್ಲಿ ಸೇರಿವೆಯೇ ಎಂದು ಒಂದೊಂದಾಗಿ ಪರಿಶೀಲಿಸಬೇಕು.

2. ರದ್ದತಿ ಶುಲ್ಕ ಯಾನದ ದಿನ ಹತ್ತಿರವಾದಂತೆ ಏರುತ್ತ ಹೋಗಿ, ಕೊನೆಯ ಹಂತದಲ್ಲಿ ಪೂರ್ಣ ಹಣವನ್ನೇ ನುಂಗಬಹುದು. ಅಂತಿಮ ಕಂತಿನ ದಿನಾಂಕ ಮತ್ತು ಈ ಹಂತಗಳನ್ನು ಒಟ್ಟಿಗೆ ಓದಬೇಕು.

3. ಹವಾಮಾನದ ಕಾರಣದಿಂದ ಮಾರ್ಗ ಬದಲಿಸುವ ಹಕ್ಕು ಕಪ್ತಾನನದು. ಅದಕ್ಕಾಗಿ ಪರಿಹಾರ ಕೇಳಲಾಗದೆಂದು ಕರಾರಿನಲ್ಲಿ ಬರೆದಿರುವುದು ಸಾಮಾನ್ಯ. ಸುರಕ್ಷತೆಯ ದೃಷ್ಟಿಯಿಂದ ಆ ಹಕ್ಕು ನ್ಯಾಯವೂ ಹೌದು. ವ್ಯಾಜ್ಯ ಯಾವ ದೇಶದ ನ್ಯಾಯಾಲಯದಲ್ಲಿ ನಡೆಯಬೇಕೆಂಬುದೂ ಅದೇ ಕರಾರಿನಲ್ಲಿರುತ್ತದೆ.

4. ವಿಮೆಯಲ್ಲಿ ವೈದ್ಯಕೀಯ ವೆಚ್ಚದ ಜೊತೆಗೆ ರೋಗಿಯನ್ನು ದ್ವೀಪದಿಂದ ದೊಡ್ಡ ಆಸ್ಪತ್ರೆಗೆ ಸಾಗಿಸುವ ವೆಚ್ಚ, ಯಾನದ ರದ್ದತಿ ಮತ್ತು ಹಡಗು ಸಂಸ್ಥೆಯ ದಿವಾಳಿತನ ಸೇರಿರಬೇಕು. ಚಂಡಮಾರುತಕ್ಕೆ ಹೆಸರಿಟ್ಟ ಮೇಲೆ ಕೊಂಡ ವಿಮೆ ಅದರಿಂದಾಗುವ ನಷ್ಟವನ್ನು ಸಾಮಾನ್ಯವಾಗಿ ಭರಿಸುವುದಿಲ್ಲ.

5. ವಿಮಾನ ಬದಲಿಸುವ ದೇಶದ ವೀಸಾ ನಿಯಮವನ್ನು ಮೊದಲೇ ತಿಳಿಯಬೇಕು. ವೀಸಾ ದೊರೆಯದಿದ್ದರೂ ರದ್ದತಿ ಶುಲ್ಕ ತಪ್ಪುವುದಿಲ್ಲ.

ಪಾವತಿ ಮತ್ತು ತೆರಿಗೆ

ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಂತೆ ನಿವಾಸಿ ವ್ಯಕ್ತಿಯೊಬ್ಬರು ಒಂದು ಆರ್ಥಿಕ ವರ್ಷದಲ್ಲಿ 2,50,000 ಅಮೆರಿಕನ್ ಡಾಲರ್‌ವರೆಗೆ ವಿದೇಶಕ್ಕೆ ಕಳುಹಿಸಬಹುದು. ಈ ಸೌಲಭ್ಯ ವ್ಯಕ್ತಿಗಳಿಗೆ ಮಾತ್ರ. ಪಾಲುದಾರಿಕೆ ಸಂಸ್ಥೆಗೂ ಕಂಪನಿಗೂ ಇಲ್ಲ. ವಿದೇಶಿ ಪ್ರವಾಸದ ಪ್ಯಾಕೇಜಿನ ಮೇಲೆ ಮೂಲದಲ್ಲಿ ತೆರಿಗೆ ಸಂಗ್ರಹಿಸುವ ಪದ್ಧತಿ 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿತು. ನಂತರ ಅದರ ದರ ಮತ್ತು ಮಿತಿಗಳು ಹಲವು ಬಾರಿ ಬದಲಾಗಿರುವುದರಿಂದ ಪಾವತಿಯ ದಿನ ಜಾರಿಯಲ್ಲಿರುವ ದರವನ್ನೇ ನೋಡಬೇಕು. ಈ ಮೊತ್ತ ಪ್ರವಾಸದ ವೆಚ್ಚವಲ್ಲ. ಅದು ಪ್ರಯಾಣಿಕನ ಪಾನ್ ಸಂಖ್ಯೆಗೆ ಜಮೆಯಾಗುವ ತೆರಿಗೆ. ಮುಂಗಡ ತೆರಿಗೆಯ ಕಂತು ಲೆಕ್ಕ ಹಾಕುವಾಗಲೇ ಅದನ್ನು ಕಳೆದುಕೊಳ್ಳಬಹುದು.

ಕೆಲವರು ಕುಟುಂಬದ ವಿಹಾರವನ್ನು ಅಂಗಡಿಯ ಲೆಕ್ಕದಲ್ಲಿ 'ಪ್ರವಾಸ ವೆಚ್ಚ' ಎಂದು ಬರೆಯುವುದುಂಟು. ವೈಯಕ್ತಿಕ ವೆಚ್ಚ ವ್ಯಾಪಾರದ ವೆಚ್ಚವಲ್ಲ ಎಂಬ ತತ್ತ್ವ ಆದಾಯ ತೆರಿಗೆ ಕಾನೂನಿನಲ್ಲಿ ಸ್ಥಿರವಾಗಿದೆ. ಸಂಸ್ಥೆಯ ಹಣದಿಂದ ಪಾವತಿಸಿದ್ದರೆ ಅದು ಮಾಲೀಕನ ಅಥವಾ ಪಾಲುದಾರನ ಖಾತೆಗೆ ಖರ್ಚು ಬೀಳಬೇಕು.

ಹಾಯಿ ಬಿಚ್ಚಿದ ಹಡಗಿನಲ್ಲಿ ಎಂಜಿನ್ನಿನ ಸದ್ದಿಲ್ಲದೆ ಸಾಗುವ ಅನುಭವ ದುಡಿಮೆಯಿಂದ ಬಳಲಿದ ಮನಸ್ಸಿಗೆ ನಿಜವಾದ ವಿಶ್ರಾಂತಿ ಎಂಬುದರಲ್ಲಿ ಸಂದೇಹವಿಲ್ಲ. ಋತು, ಹಡಗು ಮತ್ತು ಕರಾರು ಈ ಮೂರನ್ನೂ ದಡದಲ್ಲಿರುವಾಗಲೇ ಪರಿಶೀಲಿಸಿದವನು ಹಡಗಿನ ಮೇಲೆ ಬರಿಗಾಲಿನಲ್ಲಿ ನಿಶ್ಚಿಂತನಾಗಿ ನಡೆಯಬಹುದು.