ನಿಮಗಿದು ಗೊತ್ತೆ? ಚರ್ಮ ಬಿಗಿಯುವ ಕಾಯಿಲೆ ಸ್ಕ್ಲೀರೋಡರ್ಮಾ

ಜೂನ್ 29 ವಿಶ್ವ ಸ್ಕ್ಲೀರೋಡರ್ಮಾ ದಿನ. 1940ರಲ್ಲಿ ಅದೇ ದಿನ ತೀರಿಕೊಂಡ ಚಿತ್ರಕಲಾವಿದ ಪಾಲ್ ಕ್ಲೇ ಅವರ ನೆನಪಿಗೆ ಆರಿಸಿದ ದಿನವಿದು. ಅವರನ್ನು ಕಾಡಿದ್ದು ಇದೇ ಕಾಯಿಲೆ ಎಂದು ವೈದ್ಯರು ಗುರುತಿಸಿದ್ದು ಅವರ ಸಾವಿನ ಎಷ್ಟೋ ವರ್ಷಗಳ ನಂತರ. ನುಂಗಲು ಕಷ್ಟ, ಬಿಗಿದ ಮುಖ, ಏದುಸಿರು. ಆದರೂ 1939ರ ಒಂದೇ ವರ್ಷದಲ್ಲಿ ಅವರು 1,200ಕ್ಕೂ ಹೆಚ್ಚು ಕೃತಿ ರಚಿಸಿದರು!

ಈ ಕಾಯಿಲೆಯಲ್ಲಿ ರೋಗನಿರೋಧಕ ವ್ಯವಸ್ಥೆ ಸ್ವಂತ ದೇಹದ ಮೇಲೆಯೇ ತಿರುಗಿಬೀಳುತ್ತದೆ. ಕೊಲಾಜನ್ ಎಂಬ ಪ್ರೋಟೀನ್ ಅತಿಯಾಗಿ ಶೇಖರವಾಗಿ ಚರ್ಮ ಗಟ್ಟಿಯಾಗುತ್ತದೆ, ಸಣ್ಣ ರಕ್ತನಾಳಗಳು ಕಿರಿದಾಗುತ್ತವೆ. ಮೊದಲ ಸುಳಿವು ಸಾಮಾನ್ಯವಾಗಿ ಬೆರಳುಗಳಲ್ಲಿ: ತಣ್ಣೀರು ಮುಟ್ಟಿದೊಡನೆ ಬಿಳಿ, ಆಮೇಲೆ ನೀಲಿ, ಬೆಚ್ಚಗಾದಾಗ ಕೆಂಪು. (ಹೀಗಾಗುವವರಿಗೆಲ್ಲ ಈ ಕಾಯಿಲೆಯೇ ಇದೆ ಎಂದಲ್ಲ.) ಮುಂದೆ ಬೆರಳು ಮಡಚಿಕೊಂಡು ಅಂಗಿಯ ಗುಂಡಿ ಹಾಕುವುದೂ, ಬಾಯಿ ಕಿರಿದಾಗಿ ತುತ್ತು ಇಡುವುದೂ ಕಷ್ಟ.

ಚರ್ಮಕ್ಕಷ್ಟೇ ಸೀಮಿತವಾದ ಬಗೆಯೂ ಉಂಟು. ಜೀವಕ್ಕೆ ಕುತ್ತು ತರುವುದು ಒಳಗಿನ ಅಂಗಗಳಿಗಾಗುವ ಹಾನಿ, ಅದರಲ್ಲೂ ಶ್ವಾಸಕೋಶದ್ದು. ಮೂತ್ರಪಿಂಡಕ್ಕೆ ತಟ್ಟಿದರೆ ರಕ್ತದೊತ್ತಡ ಹಠಾತ್ತನೆ ಏರುತ್ತದೆ. ಒಂದು ಕಾಲಕ್ಕೆ ಅದರಿಂದ ಬದುಕುಳಿದವರೇ ವಿರಳ; ಎಸಿಇ ಇನ್‌ಹಿಬಿಟರ್ ಔಷಧಗಳು ಬಂದ ಮೇಲೆ ಆ ಸ್ಥಿತಿ ಬದಲಾಯಿತು.

ಪುರುಷರಿಗಿಂತ ಮಹಿಳೆಯರಲ್ಲೇ ಹೆಚ್ಚು. ಮುಟ್ಟಿದರೆ ಹರಡುವುದಿಲ್ಲ, ರೋಗಿಯ ಕೈ ಹಿಡಿಯಲು ಯಾರೂ ಹಿಂಜರಿಯಬೇಕಿಲ್ಲ. ಅನುಮಾನವಿದ್ದರೆ ತಡಮಾಡದೆ ರುಮಟಾಲಜಿ ತಜ್ಞರಿಗೆ ತೋರಿಸಿ.